ಬಾಣಂತಿ ಕೋಣೆಯ ಚಿತ್ರ

ಆ ಚಿತ್ರ ನಮ್ಮ ಅಂಗಡಿಗೆ ಬಂದದ್ದು ಅದರ ಚೌಕಟ್ಟಿನ ದೆಸೆಯಿಂದ. ಐದಾರು ವರ್ಷಗಳ ಹಿಂದಿನ ಮಾತು, ತೊಂಬತ್ತರ ದಶಕದ ಮೊದಲ ವರ್ಷಗಳು. ಸೆಂಟರ್‌ವಿಲ್‌ನಲ್ಲಿ ಒಂದು ಡ್ರೈ ಕ್ಲೀನರ್‌ಗೂ ಪಿಟ್ಸಾ ಅಂಗಡಿಗೂ ನಡುವೆ ಇದ್ದ ಫ್ರೇಮಿನ ಅಂಗಡಿಯಲ್ಲಿ ನಾನು ಕೆಲಸಕ್ಕಿದ್ದೆ. ಮೈಸೂರಿನಲ್ಲಿ ಓದಿದ್ದ ಕೆಮಿಸ್ಟ್ರಿ ಬಿ.ಎಸ್ಸಿ.ಯನ್ನು ವರ್ಜೀನಿಯಾದಲ್ಲಿ ಯಾರೂ ಕೇಳಲಿಲ್ಲ. ಅಂಗಡಿಯ ವಯಸ್ಸಾದ ಮಾಲೀಕರು ನನ್ನ ಕೈ ನಡುಗುವುದಿಲ್ಲ ಎಂದು ನೋಡಿ ಕೆಲಸ ಕೊಟ್ಟರು. ಗಾಜು ಕತ್ತರಿಸುವುದು, ರಟ್ಟು ಕೊಯ್ಯುವುದು, ಕಾಗದದ ಬೆನ್ನಿನ ಹಳೆಯ ಅಂಟು ಬಿಡಿಸುವುದು, ಎಲ್ಲವನ್ನೂ ಅವರೇ ಕಲಿಸಿದರು.

ಮನೆ ಖಾಲಿ ಮಾಡಿ ವೃದ್ಧಾಶ್ರಮಕ್ಕೆ ಹೊರಟಿದ್ದ ಒಬ್ಬ ಹೆಂಗಸು ಮಾರಿದ ಸಾಮಾನಿನಲ್ಲಿ ಚಿನ್ನದ ರೇಕಿನ ಒಂದು ಚೌಕಟ್ಟು ಇತ್ತು. ಅದಕ್ಕೆ ಗಿರಾಕಿ ಸಿದ್ಧವಾಗಿದ್ದರು, ಒಳಗಿದ್ದ ಚಿತ್ರ ಮಾತ್ರ ಯಾರಿಗೂ ಬೇಕಿರಲಿಲ್ಲ. ನಾನು ಅದನ್ನು ಬಿಡಿಸಿ ಮೇಜಿನ ಮೇಲಿಟ್ಟೆ. ದಪ್ಪ ಕಾಗದದ ಮೇಲೆ ಜಲವರ್ಣ. ಕೆಂಪು ಪರದೆಯ ಮಂಚದಲ್ಲಿ ದಿಂಬಿಗೊರಗಿ ಕೂತ ಒಬ್ಬ ಹೆಂಗಸು, ತಲೆಗೆ ಬಿಗಿಯಾಗಿ ಕಟ್ಟಿದ ಬಿಳಿ ಬಟ್ಟೆ. ಮಂಚದ ಪಕ್ಕ ಇನ್ನೊಬ್ಬಳ ತೋಳಿನಲ್ಲಿ ಬಟ್ಟೆ ಸುತ್ತಿದ ಮಗು. ನೆಲದ ಮೇಲೆ ಹಿತ್ತಾಳೆ ಪಾತ್ರೆ. ಮೂರನೆಯವಳೊಬ್ಬಳು ಮೊಣಕಾಲೂರಿ ಅದರ ನೀರಿಗೆ ಕೈ ಅದ್ದಿ ಬಿಸಿ ನೋಡುತ್ತಿದ್ದಾಳೆ. ಹಿಂದೆ ಗೋಡೆಯಲ್ಲಿ ಉರಿಯುವ ಒಲೆ. ಕೆಳಗೆ ಬಲಮೂಲೆಯಲ್ಲಿ ನೆಲದ ಕಲ್ಲುಗಳಿಗೆ ಬಣ್ಣವೇ ಇರಲಿಲ್ಲ, ಬರೀ ಪೆನ್ಸಿಲ್ ಗೆರೆ.

ಮಾಲೀಕರು ಕನ್ನಡಕ ಏರಿಸಿ ನೋಡಿದರು. ಮೂಲ ಚಿತ್ರ ನೆದರ್‌ಲ್ಯಾಂಡ್ಸ್ ಕಡೆಯ ಹಳೆಯ ಕಲಾವಿದರದು, ಐನೂರು ವರ್ಷಕ್ಕೂ ಹಿಂದಿನದು, ಮರದ ಹಲಗೆಯ ಮೇಲೆ ಎಣ್ಣೆಬಣ್ಣದಲ್ಲಿ ಮಾಡಿದ್ದು; ಇದು ಹತ್ತೊಂಬತ್ತನೆಯ ಶತಮಾನದಲ್ಲಿ ಯಾರೋ ಅದರ ಮುಂದೆ ಕೂತು ಮಾಡಿಕೊಂಡ ಪ್ರತಿ ಎಂದರು. ಬಣ್ಣದ ಫೋಟೋ ಇಲ್ಲದ ಕಾಲ. ದೂರದೇಶಕ್ಕೆ ಹೋದವರು ಮೆಚ್ಚಿದ ಚಿತ್ರವನ್ನು ಹೀಗೆ ಕೈಯಲ್ಲಿ ಬರೆದುಕೊಂಡು ಮನೆಗೆ ತರುತ್ತಿದ್ದರಂತೆ. ನೆಲ ಮುಗಿಸುವಷ್ಟರಲ್ಲಿ ರೈಲಿನ ಹೊತ್ತಾಗಿರಬೇಕು ಎಂದು ನಕ್ಕರು. ಮಂಚದ ಮೇಲಿರುವವಳು ಮೇರಿಯ ತಾಯಿ, ಮಗು ಮೇರಿ. ನನ್ನ ತಂಗಿ ಅಟ್ಲಾಂಟಾ ಹತ್ತಿರದ ಅಲ್ಫರೆಟಾದಲ್ಲಿ ಹೆತ್ತು ಮಲಗಿರುವುದು ಅವರಿಗೆ ಗೊತ್ತಿತ್ತು. ಚಿತ್ರಕ್ಕೆ ಒಂದು ಸಾದಾ ಮರದ ಚೌಕಟ್ಟು ಕಟ್ಟಿ, ತಂಗಿಗೆ ಕೊಡು ಎಂದು ನನ್ನ ಕೈಗಿತ್ತರು.

ಗಾಜು ಹಾಕಲಿಲ್ಲ. ಇಡೀ ದಿನ ಕಾರಿನಲ್ಲಿ ಹೋಗುವಾಗ ಗಾಜು ಒಡೆದರೆ ಚೂರು ಕಾಗದವನ್ನು ಗೀರುತ್ತದೆ; ಅಲ್ಲಿಗೆ ತಲುಪಿದ ಮೇಲೆ ಹಾಕಿಸು, ಅಲ್ಲಿಯವರೆಗೆ ಬಿಸಿಲು, ಹಬೆ, ಹೊಗೆ ಮೂರರಿಂದಲೂ ದೂರವಿಡು ಎಂದರು. ಈ ಗಾಜಿನ ಮಾತನ್ನು ಮೊದಲೇ ಹೇಳಿಬಿಡುತ್ತಿದ್ದೇನೆ, ಏಕೆಂದರೆ ಇಷ್ಟು ವರ್ಷಗಳಾದರೂ ನನ್ನ ಮನಸ್ಸು ಮತ್ತೆ ಮತ್ತೆ ಹೋಗಿ ನಿಲ್ಲುವುದು ಅಲ್ಲೇ.

ಎರಡೂ ಕ್ಯಾರೊಲೈನಾ ರಾಜ್ಯಗಳನ್ನು ದಾಟಿ, ಚಿತ್ರವನ್ನು ಹಿಂದಿನ ಸೀಟಿನಲ್ಲಿ ಕಂಬಳಿ ಹೊದಿಸಿ ಮಲಗಿಸಿಕೊಂಡು ಅಲ್ಫರೆಟಾ ತಲುಪಿದೆ. ಬಾಣಂತನಕ್ಕೆಂದು ಅಮ್ಮ ಮೈಸೂರಿನಿಂದ ಬಂದಿದ್ದಳು. ಮಗು ಹುಟ್ಟಿ ಇನ್ನೂ ತಿಂಗಳು ತುಂಬಿರಲಿಲ್ಲ. ಹೊಸ ಮನೆ, ಬಣ್ಣದ ವಾಸನೆ ಕೂಡ ಹೋಗಿರಲಿಲ್ಲ. ಹಿಂದಿನ ಬೆಡ್‌ರೂಮನ್ನು ಅಮ್ಮ ಆಗಲೇ ಬಾಣಂತಿ ಕೋಣೆ ಮಾಡಿದ್ದಳು. ಕಿಟಕಿಗೆ ದಪ್ಪ ಬೆಡ್‌ಶೀಟು, ಬಾಗಿಲ ಸಂದಿಗೆ ಸುತ್ತಿದ ಟವೆಲ್ಲು. ತಂಗಿಯ ಕಿವಿಗೆ ಹತ್ತಿ, ತಲೆಗೆ ಸ್ಕಾರ್ಫು.

"ಅಕ್ಕ, ನನ್ನನ್ನ ಪಾರ್ಸೆಲ್ ಮಾಡಿಟ್ಟಿದಾಳೆ ನೋಡು" ಎಂದಳು ತಂಗಿ.

"ಪಾರ್ಸೆಲ್ಲೇ ಸರಿ. ಗಾಳಿ ಸೋಕಿದ್ರೆ ನಂಜಾಗತ್ತೆ, ಆಮೇಲೆ ನಲವತ್ತಕ್ಕೆ ಸೊಂಟ ಹಿಡ್ಕೊಂಡು ನನ್ನ ನೆನೆಸ್ಕೋತೀಯ" ಎಂದಳು ಅಮ್ಮ.

ಕಂಬಳಿ ಬಿಚ್ಚಿ ಚಿತ್ರ ತೋರಿಸಿದೆ. ಅಮ್ಮ ಅದನ್ನು ಮಡಿಲಲ್ಲಿಟ್ಟುಕೊಂಡು ಬಹಳ ಹೊತ್ತು ನೋಡಿದಳು. ನಾನು ಯೂರೋಪು, ಹಲಗೆ, ಐನೂರು ವರ್ಷ ಎಂದೆಲ್ಲ ಹೇಳುತ್ತಿದ್ದೆ. ಅವಳ ಕಿವಿಗೆ ಬೀಳುತ್ತಿರಲಿಲ್ಲ.

"ಇದು ಬಾಣಂತಿ ಕೋಣೆ ಅಲ್ವೇನೇ?"

"ಹೌದಮ್ಮ. ಯೇಸುವಿನ ಅಜ್ಜಿ. ಅವಳು ಯೇಸುವಿನ ತಾಯಿನ ಹೆತ್ತಿರೋದು."

"ಅಜ್ಜಿ ಬಾಣಂತನ. ನೋಡು, ತಲೆಗೆ ಬಟ್ಟೆ ಕಟ್ಟಿದಾರೆ. ಮಗೂಗೆ ಕುಲಾವಿ ಹಾಕಿದಾರೆ. ಇವಳು ನೀರು ಹದ ನೋಡ್ತಾ ಇದಾಳೆ, ಕೈ ಇಟ್ಟಿರೋ ರೀತಿ ನೋಡಿದ್ರೆ ಗೊತ್ತಾಗತ್ತೆ, ಅನುಭವಸ್ಥಳು." ಮತ್ತೆ ಹುಡುಕಿದಳು. "ಎಣ್ಣೆ ಬಟ್ಟಲು ಒಂದು ಕಾಣಲ್ಲ. ಬರಿಯೋನಿಗೆ ಏನು ಗೊತ್ತು, ಗಂಡಸು."

ಚಿತ್ರ ಇರಬೇಕಾದದ್ದು ಬಾಣಂತಿ ಕೋಣೆಯಲ್ಲೇ ಎಂದು ತೀರ್ಮಾನವಾಯಿತು. ಗಾಜಿಲ್ಲ, ಸಾಂಬ್ರಾಣಿ ಹೊಗೆ ತಾಗಿದರೆ ಕಾಗದ ಹಳದಿಯಾಗುತ್ತದೆ ಎಂದೆ. ಗಾಜು ಬರುವ ತನಕ ಮಗುವಿಗೆ ಬಚ್ಚಲಲ್ಲೇ ಸಾಂಬ್ರಾಣಿ ಹಾಕುತ್ತೇನೆ ಎಂದು ಅಮ್ಮ ಒಪ್ಪಿಕೊಂಡಳು. ಸಾಂಬ್ರಾಣಿಯ ವಿಷಯದಲ್ಲಿ ಆ ಮನೆಯಲ್ಲಿ ಆಗಲೇ ಒಂದು ರಗಳೆ ನಡೆದಿತ್ತು. ಮೊದಲ ದಿನವೇ ಚಾವಣಿಯ ಸ್ಮೋಕ್ ಅಲಾರಂ ಕಿರುಚಿ ಮಗು ಬೆಚ್ಚಿತ್ತು. ಒಗ್ಗರಣೆಗೂ ಅದು ಕಿರುಚುತ್ತಿತ್ತು. ತಂಗಿಯ ಗಂಡ ಕುರ್ಚಿ ಹತ್ತಿ ಬ್ಯಾಟರಿ ತೆಗೆದು ಡ್ರಾಯರಿಗೆ ಹಾಕಿದ್ದ. ನಮ್ಮವರ ಮನೆಗಳಲ್ಲಿ ಆಗೆಲ್ಲ ಅದು ಅಡುಗೆಮನೆಯ ಮಾಮೂಲು ಕೆಲಸ.

ಆ ದಿನಗಳು ಸುಖವಾಗಿದ್ದವು. ಬೆಳಿಗ್ಗೆ ಎಣ್ಣೆ, ಬಿಸಿನೀರು, ಮಗುವಿನ ಅಳು, ನಂತರ ಮನೆಯೆಲ್ಲ ನಿದ್ದೆ. ಮಧ್ಯಾಹ್ನ ಮೆಣಸಿನ ಸಾರು, ಹುರಿದ ಬೆಳ್ಳುಳ್ಳಿ, ತುಪ್ಪದನ್ನ. ಅಮ್ಮ ಚಿತ್ರದ ಹೆಂಗಸರ ಜೊತೆ ಮಾತು ಬೆಳೆಸಿದ್ದಳು. "ನಿಮ್ಮಲ್ಲೂ ಇದೇ ಪಾಡಾ?" ಎಂದು ಅವರನ್ನು ಕೇಳುತ್ತಾ ಮಗುವಿನ ಬಟ್ಟೆ ಮಡಿಸುತ್ತಿದ್ದಳು. ಗಾಜು ಕತ್ತರಿಸಿಕೊಡುವ ಅಂಗಡಿಯೊಂದನ್ನು ವಿಚಾರಿಸಿಟ್ಟಿದ್ದೆ. ಹೋಗಬೇಕೆಂದಿದ್ದ ದಿನವೇ ಮಳೆ ಶುರುವಾಯಿತು.

ಬೀಳುವಾಗ ಮಳೆ, ಬಿದ್ದಮೇಲೆ ಹೆಪ್ಪು. ರಾತ್ರಿಯೆಲ್ಲ ಸುರಿದು ಬೆಳಗಾಗುವಷ್ಟರಲ್ಲಿ ರಸ್ತೆ, ಮೇಲ್‌ಬಾಕ್ಸ್, ಪೈನ್ ಮರದ ಒಂದೊಂದು ಸೂಜಿ ಎಲೆಯೂ ಮಂಜುಗಡ್ಡೆಯೊಳಗೆ ಸೇರಿಹೋಗಿತ್ತು. ಭಾರಕ್ಕೆ ಕೊಂಬೆಗಳು ಪಟಾಕಿಯಂತೆ ಸದ್ದು ಮಾಡಿ ಮುರಿಯುತ್ತಿದ್ದವು. ಕರೆಂಟು ಹೋಯಿತು. ಹೀಟರ್ ನಿಂತಿತು. ಅಟ್ಲಾಂಟಾಕ್ಕೆ ಕೆಲಸಕ್ಕೆ ಹೋಗಿದ್ದ ತಂಗಿಯ ಗಂಡ ಅಲ್ಲೇ ಸಹೋದ್ಯೋಗಿಯ ಮನೆಯಲ್ಲಿ ಸಿಕ್ಕಿಬಿದ್ದಿದ್ದ. ಬೆಳಿಗ್ಗೆ ಫೋನ್ ಮಾಡಿ, "ಅತ್ತೆ, ಫೋರ್ ಹಂಡ್ರೆಡ್ ಹೈವೇ ಕ್ಲೋಸ್ ಮಾಡಿದಾರೆ, ಸಾಯಂಕಾಲದ ಒಳಗೆ ಹೇಗಾದ್ರೂ ಬರ್ತೀನಿ" ಎಂದ. ಎಲೆಕ್ಟ್ರಿಕ್ ಒಲೆ, ಕಾಫಿಯೂ ಇಲ್ಲ. ಬಿಸಿನೀರಿನ ಡ್ರಮ್ಮು ಮಾತ್ರ ಗ್ಯಾಸಿನದಾದ್ದರಿಂದ ನಲ್ಲಿಯಲ್ಲಿ ಬಿಸಿನೀರು ಬರುತ್ತಿತ್ತು.

"ಇವತ್ತು ಸ್ನಾನ ಬೇಡಮ್ಮ" ಎಂದೆ.

"ಎಣ್ಣೆ ಹಚ್ಚಿಯಾಯ್ತು. ಎಣ್ಣೆ ಮೈಯಲ್ಲಿ ಬಾಣಂತಿನ ಈ ಚಳೀಲಿ ಬಿಡೋದಾ?"

ಸ್ನಾನ ಮಾಡಿಸಿದಳು. ಅಷ್ಟರಲ್ಲಿ ಅವಳ ಇನ್ನೊಂದು ಸಿದ್ಧತೆಯೂ ಮುಗಿದಿತ್ತು. ಗರಾಜಿನಲ್ಲಿ ಬಾರ್ಬೆಕ್ಯೂ ಗ್ರಿಲ್‌ಗೆಂದು ಇಟ್ಟಿದ್ದ ಇದ್ದಿಲಿನ ಚೀಲ ಅವಳ ಕಣ್ಣಿಗೆ ಯಾವತ್ತೋ ಬಿದ್ದಿತ್ತು. ಹಿಂದೆ ಮರದ ಜಗಲಿಯಂತಿದ್ದ ಡೆಕ್ಕಿನ ಗ್ರಿಲ್‌ನಲ್ಲಿ ಇದ್ದಿಲು ಹೊತ್ತಿಸಿ, ಹೊಗೆಯೆಲ್ಲ ಹೋಗಿ ಬೂದಿ ಮುಸುಕುವ ತನಕ ಶಾಲು ಹೊದ್ದು ಕಾದು, ನಂತರ ಆ ಕೆಂಡವನ್ನು ಮೈಸೂರಿನಿಂದ ತಂದಿದ್ದ ಕಬ್ಬಿಣದ ಬಾಣಲೆಗೆ ತುಂಬಿ, ಅದನ್ನು ಮಂಚದ ಬಳಿ ತಂದು ಒಂದು ಇಟ್ಟಿಗೆಯ ಮೇಲಿಟ್ಟಳು. ನಮ್ಮಿಬ್ಬರನ್ನು ಹೆತ್ತಾಗ ನಮ್ಮಜ್ಜಿ ಅವಳ ಮಂಚದ ಕೆಳಗೆ ಇಡುತ್ತಿದ್ದ ಅಗ್ಗಿಷ್ಟಿಕೆಯೇ ಅದು.

"ಒಳಗೆ ಬೆಂಕಿ ಬೇಡಮ್ಮ, ಕಾರ್ಪೆಟ್ಟು" ಎಂದೆ. ನನಗೆ ಹೊಳೆದದ್ದು ಅಷ್ಟೇ, ಕಾರ್ಪೆಟ್ಟು.

"ಬೆಂಕಿಯಲ್ಲ ಕಣೇ, ಕೆಂಡ. ಒಂಚೂರು ಹೊಗೆ ಇದ್ಯಾ ತೋರ್ಸು. ಅಲ್ನೋಡು, ಅವರೂ ಇಟ್ಕೊಂಡಿದಾರೆ" ಎಂದು ಗೋಡೆಯ ಚಿತ್ರದ ಕಡೆ ಗದ್ದ ತೋರಿಸಿದಳು.

ಚಿತ್ರದಲ್ಲಿ ಒಲೆ ಇದ್ದದ್ದು ನಿಜ. ಬಾಗಿಲು ಹಾಕಿ, ಸಂದಿಗೆ ಟವೆಲ್ಲು ಒತ್ತಿ, ನಾಲ್ಕೂ ಜನ ಆ ಬೆಚ್ಚನೆಯ ಕೋಣೆಯಲ್ಲಿ ಕೂತೆವು. ಕೆಂಡದ ಬಿಸಿಗೆ ತಂಗಿಯ ಕೆನ್ನೆ ಕೆಂಪೇರಿತು. "ಈಗ ನೋಡು ಬಾಣಂತಿ ಕಳೆ" ಎಂದು ಅಮ್ಮ ಸಂತೋಷಪಟ್ಟಳು. ಮಗು ಮಲಗಿತು, ತಂಗಿ ಮಲಗಿದಳು. ಅಮ್ಮ ಗೋಡೆಗೊರಗಿ ತೂಕಡಿಸಿದಳು.

ಮುಂದಿನದನ್ನು ನಾನು ಇವತ್ತಿಗೂ ಮೊದಲಿನಿಂದ ಕೊನೆಯವರೆಗೆ ನಡೆಸಿ ನೋಡುತ್ತಿರುತ್ತೇನೆ. ಪಾತ್ರೆ ತೊಳೆಯುವಾಗ, ಕೆಂಪು ದೀಪಕ್ಕೆ ಕಾರು ನಿಲ್ಲಿಸಿಕೊಂಡಿರುವಾಗ. ಅಪಾಯ ಅಪಾಯದ ಹಾಗೆ ಬರಲಿಲ್ಲ. ಪ್ರತಿಯೊಂದಕ್ಕೂ ನಮ್ಮ ಬಳಿ ಉತ್ತರ ಇತ್ತು. ತಲೆ ನೋಯುತ್ತಿತ್ತು, ಕಾಫಿ ಕುಡಿದಿಲ್ಲ. ಹೊಟ್ಟೆ ತೊಳಸುತ್ತಿತ್ತು; ತಿಂಡಿ ತಿಂದಿಲ್ಲ. ಮಗು ಹಾಲಿನ ಹೊತ್ತಿಗೆ ಏಳಲಿಲ್ಲ.

"ಎಬ್ಬಿಸಲಾ ಅಮ್ಮ?"

"ಎಣ್ಣೆನೀರು ಹಾಕಿದ ಮಗು ಹಾಗೇ ಮಲಗೋದು. ಬಿಡೇ" ಎಂದಳು, ಕಣ್ಣು ತೆರೆಯದೆಯೇ. ನಂತರ ನಿದ್ದೆಗಣ್ಣಿನಲ್ಲೇ ಕೈ ಚಾಚಿ, ಅಭ್ಯಾಸಬಲದಿಂದ, ಕೆಂಡದ ಮೇಲೆ ಒಂದು ಚಿಟಿಕೆ ಸಾಂಬ್ರಾಣಿ ಉದುರಿಸಿದಳು.

ಹೊಗೆ ಎದ್ದಿತು. ನೇರ ಗೋಡೆಯ ಕಡೆ ಹೋಯಿತು.

ಚಿತ್ರ, ಎಂದುಕೊಂಡೆ. ಗಾಜಿಲ್ಲದ ಕಾಗದ. ಏಳಲು ಹೋದರೆ ಕಾಲು ನನ್ನ ಮಾತು ಕೇಳಲಿಲ್ಲ. ಗೋಡೆ ಹಿಡಿದುಕೊಂಡು ಎದ್ದೆ. ಎಷ್ಟೊಂದು ನಿಧಾನವಾಗಿ ಆ ಚಿತ್ರವನ್ನು ಮೊಳೆಯಿಂದ ಬಿಡಿಸಿದೆ ಎಂಬುದು ನೆನಪಿದೆ. ಬಾಗಿಲು ತೆರೆದು, ಹಿಂದೆ ಹಾಕಿಕೊಂಡು, ಹಜಾರ ದಾಟುವಷ್ಟರಲ್ಲಿ ಹೊಟ್ಟೆಯಲ್ಲಿದ್ದದ್ದೆಲ್ಲ ಗಂಟಲಿಗೆ ಬಂತು. ಕಾರ್ಪೆಟ್ಟು ಹಾಳಾಗದಿರಲೆಂದು ಡೆಕ್ಕಿನ ಬಾಗಿಲು ತೆಗೆದು ಹೊರಗೆ ಹೋದೆ. ಚಿತ್ರವನ್ನು ಗೋಡೆಗೆ ಒರಗಿಸಿ ಕಂಬಿ ಹಿಡಿದು ನಿಂತೆ.

ತಣ್ಣನೆಯ ಗಾಳಿ ಒಂದು ಸಲ ಒಳಗೆ ಹೋಯಿತು, ಇನ್ನೊಂದು ಸಲ ಹೋಯಿತು. ತಲೆಯೊಳಗಿನ ಮುಸುಕು ಸರಿಯಿತು. ಕಾಫಿ ಕುಡಿಯದೆ ಬಂದ ತಲೆನೋವು ಗಾಳಿಗೆ ಹೋಗುವುದಿಲ್ಲ. ಬಣ್ಣವಿಲ್ಲ, ವಾಸನೆಯಿಲ್ಲ, ಇದ್ದಿಲು ಸಾಕಷ್ಟು ಗಾಳಿಯಿಲ್ಲದೆ ಉರಿದಾಗ ಹುಟ್ಟುತ್ತದೆ. ಪರೀಕ್ಷೆಯಲ್ಲಿ ಕೆಳಗೆ ಗೆರೆ ಎಳೆದು ಬರೆದಿದ್ದ ಉತ್ತರ ಅದು, ಕಾರ್ಬನ್ ಮೊನಾಕ್ಸೈಡ್.

ಒಳಗೆ ಓಡಿದೆ. ಮೊದಲು ಮಗು. ಎತ್ತಿಕೊಂಡಾಗ ಅದರ ಕತ್ತು ನನ್ನ ತೋಳಿನ ಮೇಲೆ ಒದ್ದೆ ಬಟ್ಟೆಯ ಹಾಗೆ ಬಿದ್ದಿತು. ಡೆಕ್ಕಿನ ಬಾಗಿಲ ಬಳಿ ನೆಲದ ಮೇಲೆ ಕಂಬಳಿಯಲ್ಲಿ ಮಲಗಿಸಿ ಮತ್ತೆ ಒಳಗೆ ಹೋದೆ. ಬೆಡ್‌ಶೀಟು ಕಿತ್ತು ಕಿಟಕಿ ಎತ್ತಿದೆ.

"ಕಿಟಕಿ ತೆಗೀಬೇಡ್ವೇ, ಶೀತ ಆಗತ್ತೆ ಅವಳಿಗೆ" ಎಂದು ಅಮ್ಮ ತೊದಲಿದಳು.

"ಎದ್ದೇಳಮ್ಮ. ಏನೂ ಕೇಳ್ಬೇಡ. ಮಗು ಹತ್ರ ಹೋಗು."

ನನ್ನ ದನಿಯಲ್ಲಿ ಏನು ಕೇಳಿಸಿತೋ, ಅಮ್ಮ ಅಂಬೆಗಾಲಿಟ್ಟುಕೊಂಡು ಹೊರಟಳು. ತಂಗಿ ಏಳಲಿಲ್ಲ. ಕೆನ್ನೆಗೆ ಹೊಡೆದೆ. ಕಂಕುಳಲ್ಲಿ ಕೈ ಹಾಕಿ ಎಳೆದೆ. ಮಂಚದಿಂದ ಜಾರಿ ಬಿದ್ದಾಗ, "ಏನೇ ಅಕ್ಕ" ಎಂದು ಗೊಣಗಿದಳು. ಆ ಗೊಣಗಾಟ ನನಗೆ ಎಷ್ಟು ಬಲ ಕೊಟ್ಟಿತೆಂದರೆ ಹಜಾರದುದ್ದಕ್ಕೂ ಅವಳನ್ನು ಒಬ್ಬಳೇ ಎಳೆದುಕೊಂಡು ಹೋದೆ.

ಬಾಗಿಲ ಬಳಿ ಅಮ್ಮ ಮಗುವಿನ ಪಾದ ಉಜ್ಜುತ್ತಿದ್ದಳು. ಅಂಗಾಲಿಗೆ ಬೆರಳಿನಿಂದ ಹೊಡೆದಳು. ಮಗು ಉಸಿರಾಡುತ್ತಿತ್ತು, ಆದರೆ ಎಲ್ಲೋ ದೂರದಲ್ಲಿ ಉಸಿರಾಡುತ್ತಿತ್ತು. ಹೊರಗೆ ಒಂದು ಕೊಂಬೆ ಮುರಿಯಿತು. ಅಮ್ಮ ಮಗುವಿನ ಕುಲಾವಿ ಬಿಚ್ಚಿ, ಸುತ್ತಿದ್ದ ಬಟ್ಟೆ ಬಿಚ್ಚಿ, ತಿಂಗಳು ತುಂಬದ ಆ ಮಗುವಿನ ಬರೀ ಎದೆಯನ್ನು ಮಂಜಿನ ಗಾಳಿಗೆ ಹಿಡಿದಳು. ಬಾಣಂತಿ ಕೋಣೆಗೆ ಒಂದೆಳೆ ಗಾಳಿ ಬಿಡದಿದ್ದ ನಮ್ಮಮ್ಮ.

ಮಗುವಿನ ಬಾಯಿ ಓರೆಯಾಯಿತು. ಮುಖ ಸುಕ್ಕಾಯಿತು. ನಂತರ ಅದು ಅತ್ತಿತು. ಮೊದಲು ಹಳೆಯ ಬಾಗಿಲಿನಂತೆ ಕಿರುಗುಟ್ಟಿ, ಆಮೇಲೆ ಪೂರ್ತಿ ಸಿಟ್ಟಿನಿಂದ.

ತಂಗಿಯ ಕಡೆಯವರಿಗೆ ಪರಿಚಯವಿದ್ದ, ಎಷ್ಟೋ ವರ್ಷಗಳಿಂದ ಅಲ್ಲಿ ನೆಲೆಸಿದ್ದ ಒಬ್ಬರು ಡಾಕ್ಟರ್ ಅಂಕಲ್ ಇದ್ದರು. ಫೋನ್ ಕೆಲಸ ಮಾಡುತ್ತಿತ್ತು. ಅವರು ನನ್ನ ಮಾತು ಮುಗಿಯುವ ಮೊದಲೇ, "ನೋಡಮ್ಮ, ನನ್ನ ಜೊತೆ ಮಾತಾಡ್ತಾ ನಿಂತ್ಕೋಬೇಡ. ಒಳಗೆ ಯಾರೂ ಹೋಗ್ಬೇಡಿ, ನೈನ್ ಒನ್ ಒನ್ ಕರಿ" ಎಂದರು. ಚಕ್ರಕ್ಕೆ ಸರಪಳಿ ಕಟ್ಟಿಕೊಂಡು ಅಗ್ನಿಶಾಮಕದವರ ಗಾಡಿ ಬಂತು. ಒಬ್ಬರು ಬಾಣಲೆಯನ್ನು ಹೊರಗೆ ತಂದು ಮಂಜಿನ ಮೇಲೆ ಕವುಚಿದರು. ಅದು ಹಾವಿನ ಹಾಗೆ ಬುಸುಗುಟ್ಟಿತು. ಎಲ್ಲರ ಮುಖಕ್ಕೂ ಆಮ್ಲಜನಕದ ಮುಖವಾಡ ಹಿಡಿದು ಆಸ್ಪತ್ರೆಗೆ ಕರೆದೊಯ್ದರು.

ಆ ರಾತ್ರಿ ನಮ್ಮನ್ನು ಅಲ್ಲೇ ಇರಿಸಿಕೊಂಡರು. ರಕ್ತ ತೆಗೆದರು, ಮತ್ತೆ ತೆಗೆದರು. ತೊಂದರೆಯಿಲ್ಲ ಎಂದು ಡಾಕ್ಟರ್ ಹೇಳಿದಾಗ ತಂಗಿಯ ಗಂಡ ಅದೇ ತಾನೇ ಬಂದು ತಲುಪಿದ್ದವನು ಅಲ್ಲೇ ಕುರ್ಚಿಯ ಮೇಲೆ ಕೂತುಬಿಟ್ಟ. ನರ್ಸು ತಂಗಿಗೆ ಒಂದು ಲೋಟದ ತುಂಬ ಮಂಜುಗಡ್ಡೆ ಹಾಕಿದ ನೀರು ಕೊಟ್ಟಳು. ಹೆರಿಗೆಯಾದ ದಿನ ಇಂಥದೇ ಲೋಟಕ್ಕೆ ಅಮ್ಮ ಕೂಗಾಡಿ ಆಸ್ಪತ್ರೆ ಒಂದು ಮಾಡಿದ್ದಳಂತೆ. ಈಗ ತಂಗಿ ಲೋಟ ಹಿಡಿದು ಅಮ್ಮನ ಮುಖ ನೋಡಿದಳು.

"ಕುಡಿ" ಎಂದಳು ಅಮ್ಮ. ಆಚೆ ತಿರುಗಿ ಸೆರಗಿನಿಂದ ಮೂಗು ಒರೆಸಿಕೊಂಡಳು.

ಮಾರನೆಯ ದಿನ ಮನೆಗೆ ಬಂದಾಗ ಚಿತ್ರ ಡೆಕ್ಕಿನಲ್ಲಿ ನಾನು ಬಿಟ್ಟ ಜಾಗದಲ್ಲೇ ಗೋಡೆಗೆ ಒರಗಿ ನಿಂತಿತ್ತು. ರಾತ್ರಿಯ ತುಂತುರು ಅದರ ಮೇಲೂ ಬಿದ್ದು ಹೆಪ್ಪುಗಟ್ಟಿ ಬಿಸಿಲಿಗೆ ಕರಗಿತ್ತು. ಮಂಚದ ಪರದೆಯ ಕೆಂಪು ನೀರಾಗಿ ಇಳಿದು, ಬಣ್ಣವಿಲ್ಲದೆ ಉಳಿದಿದ್ದ ಆ ಮೂಲೆಯ ಕಲ್ಲುಗಳ ಮೇಲೆ ಹರಡಿ ಒಣಗಿತ್ತು. ಹೆಂಗಸರ ಮುಖಗಳಿಗೆ, ಮಗುವಿಗೆ, ಒಲೆಗೆ ಏನೂ ಆಗಿರಲಿಲ್ಲ. ನಾನು ಅದನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ. ನೂರು ವರ್ಷಕ್ಕೂ ಹೆಚ್ಚು ಕಾಲ ಯಾರೋ ಜೋಪಾನ ಮಾಡಿದ್ದು ನನ್ನ ಕೈಯಲ್ಲಿ ಹೀಗಾಯಿತು. ದುಃಖವಾಗಬೇಕಿತ್ತು, ಆಗಲಿಲ್ಲ. ಒಳಗೆ ಮಗು ಅಳುತ್ತಿತ್ತು.

ಅಮ್ಮ ಬಂದು ಪಕ್ಕದಲ್ಲಿ ಕೂತಳು. ಚಿತ್ರದ ಒಲೆಯನ್ನು ಬೆರಳು ತಾಗಿಸದೆ ತೋರಿಸಿದಳು. ಅದರ ಮೇಲೆ ಕಲ್ಲಿನ ಗೂಡು, ಗೂಡಿನಿಂದ ಮೇಲಕ್ಕೆ ಹೋಗುವ ಚಿಮಣಿ. ಒಳಗೆ ತೆಳುವಾದ ಬೂದುಬಣ್ಣದ ಒಂದೇ ಒಂದು ಹೊಗೆಯ ಗೆರೆ.

"ಇಷ್ಟು ದಿನ ನೋಡಿದೀನಿ. ಇದನ್ನ ನೋಡಿರಲಿಲ್ಲ."

"ನಮ್ಮೂರ ಮನೇಲಿ ಹೆಂಚಿನ ಸಂದಿ ಇತ್ತಮ್ಮ. ಗಾಳಿ ಅದೇ ಆಡ್ತಿತ್ತು. ಈ ಮನೆ ಡಬ್ಬಿ."

ಅವಳು ತಲೆಯಾಡಿಸಿದಳು. ಆಮೇಲೆ ಕೆಂಪು ಹರಿದ ಮೂಲೆಯನ್ನು ನೋಡಿ, "ನೆಲ ಮಾತ್ರ ಈಗ ನಮ್ಮನೆ ಗಾರೆ ನೆಲದ ಹಾಗಾಯ್ತು" ಎಂದಳು. ಮೈಸೂರಿನ ನಮ್ಮ ಮನೆಯ ನೆಲ, ದಿನಾ ಒರೆಸಿ ಒರೆಸಿ ಹೊಳೆಯುವ ಕೆಂಪು. ನಿಜಕ್ಕೂ ಹಾಗೇ ಇತ್ತು.

ವರ್ಜೀನಿಯಾಕ್ಕೆ ಮರಳಿದ ಮೇಲೆ ಕೆಲವು ತಿಂಗಳು ಗಾಜು ಕತ್ತರಿಸುವಾಗ ನನ್ನ ಕೈ ನಡುಗುತ್ತಿತ್ತು. ಮಾಲೀಕರು ರಟ್ಟಿನ ಕೆಲಸವನ್ನಷ್ಟೇ ಕೊಟ್ಟರು. ನಡುಕ ನಿಂತಿತು, ಲೆಕ್ಕ ನಿಲ್ಲಲಿಲ್ಲ. ಚಿತ್ರಕ್ಕೆ ಗಾಜು ಇದ್ದಿದ್ದರೆ ನಾನು ಹೊಗೆಗೆ ಹೆದರುತ್ತಿರಲಿಲ್ಲ. ಏಳುತ್ತಿರಲಿಲ್ಲ. ಮಳೆ ಒಂದು ದಿನ ತಡವಾಗಿ ಬಂದಿದ್ದರೆ ಗಾಜು ಇರುತ್ತಿತ್ತು. ಈ ಲೆಕ್ಕವನ್ನು ಯಾವ ಕಡೆಯಿಂದ ಮಾಡಿದರೂ ಬೆನ್ನಿನಲ್ಲಿ ಅದೇ ಚಳಿ.

ತಂಗಿಗೆ ಅದೇ ತಮಾಷೆ. ಮನೆಗೆ ಯಾರು ಬಂದರೂ ಗೋಡೆ ತೋರಿಸಿ, "ನಮ್ಮಕ್ಕ ಮೊದಲು ಪೇಂಟಿಂಗ್ ಸೇವ್ ಮಾಡಿದ್ಲು, ಟೈಮ್ ಸಿಕ್ಕಿದ್ದಕ್ಕೆ ಆಮೇಲೆ ನಮ್ಮನ್ನ" ಎನ್ನುತ್ತಾಳೆ. "ಅದನ್ನೂ ನೆಟ್ಟಗೆ ಸೇವ್ ಮಾಡ್ಲಿಲ್ಲ" ಎಂದು ಸೇರಿಸುತ್ತಾಳೆ. ಅಮ್ಮ ಮೈಸೂರಿನಿಂದ ಫೋನ್ ಮಾಡಿದರೆ ಊಟ ಆಯಿತೇ ಎಂದು ಕೇಳುವ ಮೊದಲು, "ಬ್ಯಾಟರಿ ಇದ್ಯಾ?" ಎಂದು ಕೇಳುತ್ತಾಳೆ. ಇದೆ. ಎರಡು ಅಲಾರಂಗಳಿವೆ, ಒಂದು ಹೊಗೆಗೆ, ಇನ್ನೊಂದು ಕಣ್ಣಿಗೆ ಕಾಣದ ಅದಕ್ಕೆ. ಒಗ್ಗರಣೆಗೆ ಕಿರುಚಿದರೆ ಕಿರುಚಲಿ ಎಂದು ಬಿಟ್ಟಿದ್ದಾರೆ.

ಹೋದ ಸಲ ಅಲ್ಫರೆಟಾಕ್ಕೆ ಹೋದಾಗ ತಂಗಿಯ ಮಗಳು ಕುರ್ಚಿ ಹತ್ತಿ ನಿಂತು ಚಿತ್ರ ನೋಡುತ್ತಿದ್ದಳು. ಅವತ್ತಿನ ಆ ಮಗುವೇ, ಈಗ ಕಿಂಡರ್‌ಗಾರ್ಟನ್ನು. ಆಮೇಲೆ ಹಾಕಿಸಿದ ಗಾಜಿನ ಮೇಲೆ, ಬಟ್ಟೆ ಸುತ್ತಿದ ಮಗುವಿನ ಸರಿಯಾಗಿ ಮುಂದೆ ಜಿಡ್ಡಿನ ಬೆರಳಿಟ್ಟು, "ದೊಡ್ಡಮ್ಮ, ಇದು ನಾನಾ?" ಎಂದು ಕೇಳಿದಳು.

"ಅಲ್ಲ ಪುಟ್ಟಿ, ಬೇರೆ ಮಗು."

"ಷಿ ಈಸ್ ಸ್ಲೀಪಿಂಗ್?"

"ಇಲ್ಲ" ಎಂದೆ. "ಕಣ್ಣು ಬಿಟ್ಟಿದೆ. ಹತ್ತಿರ ಹೋಗಿ ನೋಡು."

ಅವಳು ಮೂಗು ಗಾಜಿಗೆ ತಾಗುವಷ್ಟು ಹತ್ತಿರ ಹೋದಳು. ಅವಳ ಉಸಿರಿಗೆ ಗಾಜಿನ ಮೇಲೆ ಮಂಜು ಕಟ್ಟಿತು, ಹೋಯಿತು, ಮತ್ತೆ ಕಟ್ಟಿತು. ನಾನು ಅದನ್ನೇ ನೋಡುತ್ತಾ ನಿಂತೆ. ಒರೆಸಲು ಹೋಗಲಿಲ್ಲ.